‘ಗ್ರಾಹಕ’ವೆಂಬ ಪದವೂ ಮಿದುಳಿನ ಲಿಂಗಭೇದವೂ

ಹಾರ್ಮೋನನ್ನು ಗುರುತಿಸಿ ಹಿಡಿಯುವ ಜೀವಕೋಶದ ಪ್ರೋಟೀನಿಗೆ ಕನ್ನಡದ ವಿಜ್ಞಾನ ಬರಹಗಳು ಇತ್ತಿರುವ ಹೆಸರು ‘ಗ್ರಾಹಕ’. ತೆಲುಗಿನಲ್ಲಿಯೂ ಅದೇ ಪದ ‘ಗ್ರಾಹಕಂ’ ಎಂದು ನಡೆಯುತ್ತದೆ. ಗ್ರಾಹಕನೆಂದರೆ ಬೆಂಗಳೂರಿಗನಿಗೆ ಮೊದಲು ತೋರುವವನು ಅಂಗಡಿಗೆ ಬಂದ ಗಿರಾಕಿ. ವಿಶಾಖಪಟ್ಟಣದಲ್ಲಿಯೋ ವಿಜಯವಾಡದಲ್ಲಿಯೋ ತೆಲುಗು ಓದಿ ಬೆಳೆದ ಕನ್ನಡಿಗರ ಮಕ್ಕಳಿಗೆ ಆ ತೊಡಕು ಅಷ್ಟಾಗಿ ಇರಲಾರದು. ಪರಸ್ಥಳವಾಸದಿಂದ ಇಂಥ ಲಾಭವೂ ಉಂಟು!

ಆದರೆ ಪದದ ದೋಷ ಇದಕ್ಕಿಂತ ಆಳವಾದುದು. ಗ್ರಾಹಕವು ಬರಿದೆ ಸ್ವೀಕರಿಸಿ ಸುಮ್ಮನಿರುವ ವಸ್ತುವಲ್ಲ. ಈಸ್ಟ್ರೊಜನ್ನನ್ನು ಹಿಡಿದ ಗ್ರಾಹಕವು ಡಿ.ಎನ್.ಎ.ಗೆ ಅಂಟಿಕೊಂಡು ಯಾವ ಜೀನು ಕೆಲಸಮಾಡಬೇಕೆಂಬುದನ್ನು ನಿಯಂತ್ರಿಸುತ್ತದೆ. ಅಲ್ಲಿ ಅದೇ ಕರ್ತೃ. ‘ಗಂಡು ಹಾರ್ಮೋನು’, ‘ಹೆಣ್ಣು ಹಾರ್ಮೋನು’ ಎಂಬ ಮಾತುಗಳಂತೂ ಓದುಗನನ್ನು ನೇರವಾಗಿಯೇ ದಾರಿತಪ್ಪಿಸುತ್ತವೆ. ಗಂಡು ಇಲಿಮರಿಯ ವೃಷಣದಿಂದ ಹೊರಟ ಟೆಸ್ಟೊಸ್ಟಿರೋನು ಮಿದುಳನ್ನು ಸೇರಿ, ಅರೊಮಟೇಸ್ ಎಂಬ ಕಿಣ್ವದಿಂದ ಈಸ್ಟ್ರಡೈಯಾಲಾಗಿ ಮಾರ್ಪಟ್ಟು, ಈಸ್ಟ್ರೊಜನ್ ಗ್ರಾಹಕಗಳ ಮೂಲಕವೇ ಬಹುಮಟ್ಟಿಗೆ ಆ ಮಿದುಳಿಗೆ ಗಂಡಿನ ಲಕ್ಷಣವನ್ನು ತರುತ್ತದೆ. ‘ಹೆಣ್ಣಿನದು’ ಎಂದು ಹೆಸರಾದ ರಸವೇ ಇಲ್ಲಿ ಗಂಡನ್ನು ರೂಪಿಸುತ್ತಿರುವಾಗ ಹೆಸರಿಗೆ ಉಳಿಯುವ ಅರ್ಥವೇನು?

ಜನನಪೂರ್ವದ ಟೆಸ್ಟೊಸ್ಟಿರೋನು ಹೆಣ್ಣು ಗಿನಿಹಂದಿಯ ಮುಂದಿನ ನಡತೆಯನ್ನು ಶಾಶ್ವತವಾಗಿ ಮಾರ್ಪಡಿಸುವುದೆಂದು ಫೀನಿಕ್ಸ್, ಯಂಗ್ ಮೊದಲಾದವರು ತೋರಿಸಿದ್ದು 1959ರಲ್ಲಿ. 1996ರಲ್ಲಿ ಎರಡನೆಯ ಬಗೆಯ ಈಸ್ಟ್ರೊಜನ್ ಗ್ರಾಹಕವೂ ಪತ್ತೆಯಾಯಿತು. ಇಲಿಯ ಹೈಪೊಥಲಾಮಸ್ಸಿನಲ್ಲಿ ಅಂಡೋತ್ಸರ್ಗವನ್ನು ಪ್ರೇರಿಸುವ ಒಂದು ಪುಟ್ಟ ನರಕೇಂದ್ರ ಹೆಣ್ಣಿನಲ್ಲಿ ದೊಡ್ಡದು, ಗಂಡಿನಲ್ಲಿ ಚಿಕ್ಕದು. ಭೇದವು ನಿಜ, ಆದರೆ ಅದು ನಿಂತಿರುವುದು ಸಂತಾನೋತ್ಪತ್ತಿಯ ಒಂದು ಯಂತ್ರದಲ್ಲಿ, ಬುದ್ಧಿಯ ತಕ್ಕಡಿಯಲ್ಲಿ ಅಲ್ಲ.

ಈ ವಿವೇಚನೆಯು ಆಂಧ್ರದಲ್ಲಿ ನೆಲೆಸಿದವರಿಗೆ ಬರಿಯ ಪ್ರಯೋಗಶಾಲೆಯ ಮಾತಲ್ಲ. 1950ರಲ್ಲಿ ತಿರುವಣ್ಣಾಮಲೆಗೆ ತೆರಳುವ ಮೊದಲು ವಿಜಯವಾಡದಲ್ಲಿದ್ದ ಗುಡಿಪಾಟಿ ವೆಂಕಟಾಚಲಂ ಅವರು ಹೆಣ್ಣಿನ ದೇಹಕ್ಕೂ ಬುದ್ಧಿಗೂ ಸ್ವಾತಂತ್ರ್ಯ ಬೇಕೆಂದು ವಾದಿಸಿದಾಗ ಎದುರಾಳಿಗಳು ಸಂಪ್ರದಾಯದ ಮೊರೆಹೊಕ್ಕರು. ಅದೇ ಆಕ್ಷೇಪ ಇಂದು ‘ಮಿದುಳೇ ಬೇರೆ’ ಎಂಬ ವಿಜ್ಞಾನದ ವೇಷದಲ್ಲಿ ಬರುತ್ತದೆ. ಇಲಿಯಿಂದ ಮನುಷ್ಯನಿಗೆ ಹಾರುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಅರೊಮಟೇಸ್ ಇಲ್ಲದೆ ಹುಟ್ಟಿದ ಪುರುಷರು ಸಾಮಾನ್ಯವಾಗಿ ತಮ್ಮನ್ನು ಪುರುಷರೆಂದೇ ಭಾವಿಸುತ್ತಾರೆ, ಆಂಡ್ರೊಜನ್ ಗ್ರಾಹಕವು ಪೂರ್ಣವಾಗಿ ನಿಷ್ಕ್ರಿಯವಾದಲ್ಲಿ, ಎಕ್ಸ್-ವೈ ವರ್ಣತಂತುಗಳಿದ್ದರೂ, ಬಹುಪಾಲು ಮಂದಿ ಸ್ತ್ರೀಯರಾಗಿಯೇ ಬಾಳುತ್ತಾರೆ. ಇಲಿಯಲ್ಲಿ ಈಸ್ಟ್ರೊಜನ್ ಗ್ರಾಹಕಕ್ಕಿರುವ ಪಾತ್ರ ಮನುಷ್ಯನಲ್ಲಿ ಹಾಗೆಯೇ ಇಲ್ಲವೆಂಬುದಕ್ಕೆ ಇಷ್ಟು ಸಾಕು.