‘ಇಂಗಾಲಾಮ್ಲ’ವೆಂಬ ಹೆಸರೂ ಮಿದುಳಿನ ಧಮನಿಗಳೂ

ಇಂಗಾಲದ ಡೈಆಕ್ಸೈಡ್ ಎಂಬ ವಾಯುವಿಗೆ ಕನ್ನಡದಲ್ಲಿ ‘ಇಂಗಾಲಾಮ್ಲ’ವೆಂಬ ಹೆಸರೂ ರೂಢವಾಗಿದೆ. ನೀರಿನೊಡನೆ ಕೂಡಿದಲ್ಲದೆ ಅದು ಆಮ್ಲವಾಗದೆಂದು ರಸಾಯನಜ್ಞರು ಆಕ್ಷೇಪಿಸುವರು. ಆಕ್ಷೇಪವು ಯುಕ್ತವೇ. ಆದರೆ ಮಿದುಳು ಬೆನ್ನುಹುರಿಗಳ ಧಮನಿಗಳ ಪ್ರಕರಣದಲ್ಲಿ ಇದು ಬರಿಯ ಶಬ್ದವಿವಾದವಲ್ಲ. ಈ ಹೆಸರು ಕಾರ್ಯಕಾರಣನಿರ್ಣಯವನ್ನೇ ಕೆಡಿಸುವಂಥದು.

ರಕ್ತದಲ್ಲಿ ಈ ವಾಯು ಹೆಚ್ಚಿದರೆ ಆ ಧಮನಿಗಳು ಹಿಗ್ಗುವುವು, ತಗ್ಗಿದರೆ ಕುಗ್ಗುವುವು. ಕೆಟಿ ಮತ್ತು ಷ್ಮಿಟ್ ಎಂಬ ವಿದ್ವಾಂಸರು ನೂರಕ್ಕೆ 5ರಿಂದ 7 ಭಾಗ ಈ ವಾಯು ಬೆರೆತ ಗಾಳಿಯನ್ನು ಮನುಷ್ಯರಿಗೆ ಉಸಿರಾಡಿಸಿ, ಮಿದುಳಿನ ರಕ್ತಪ್ರವಾಹವು ನೂರಕ್ಕೆ ಸುಮಾರು 75ರಷ್ಟು ಏರಿದುದನ್ನು 1948ರಲ್ಲಿ ಪ್ರಕಟಿಸಿದರು. ಇದರಿಂದ ‘ಆಮ್ಲವು ಧಮನಿಯನ್ನು ಹಿಗ್ಗಿಸುವುದು’ ಎಂದು ಬರೆದರೆ, ಎಲ್ಲಿಯ ಆಮ್ಲವೆಂಬ ಪ್ರಶ್ನೆಗೆ ಆ ವಾಕ್ಯದಲ್ಲಿ ಉತ್ತರವಿಲ್ಲ. ವಾಯುವಿನ ಪ್ರಮಾಣ ಮೊದಲಿನಂತೆಯೇ ಇದ್ದು ರಕ್ತದ ಆಮ್ಲತೆ ಮಾತ್ರ ಹೆಚ್ಚಿದರೆ ಮಿದುಳಿನ ಧಮನಿಗಳು ಅಷ್ಟಾಗಿ ಹಿಗ್ಗುವುದಿಲ್ಲ. ರಕ್ತಕ್ಕೂ ಮಿದುಳಿಗೂ ನಡುವಣ ತಡೆಯನ್ನು ಆಮ್ಲದ ಜಲಜನಕ ಅಯಾನು ಸುಲಭವಾಗಿ ದಾಟಲಾರದು. ವಾಯುವಾದರೋ ನಿರಾತಂಕವಾಗಿ ದಾಟಿ, ಧಮನಿಯ ಹೊರಮೈಯನ್ನು ತೋಯಿಸುವ ದ್ರವದಲ್ಲಿ ನೀರನ್ನು ಕೂಡಿ, ಅಲ್ಲಿ ಆಮ್ಲವಾಗುವುದು.

1977ರಲ್ಲಿ ಕೊಂಟೋಸ್ ಮೊದಲಾದವರು ಬೆಕ್ಕಿನ ಮಿದುಳಿನ ಮೇಲಣ ಕಿರುಧಮನಿಗಳಲ್ಲಿ ಇದನ್ನು ಅನ್ವಯವ್ಯತಿರೇಕಗಳಿಂದ ಪರೀಕ್ಷಿಸಿದರು. ದ್ರವದ ಆಮ್ಲತೆಯನ್ನು ಸ್ಥಿರವಾಗಿಟ್ಟು ವಾಯುವನ್ನು ಹೆಚ್ಚಿಸಿದಾಗ ಧಮನಿ ಹಿಗ್ಗಲಿಲ್ಲ. ವಾಯುವನ್ನು ಸ್ಥಿರವಾಗಿಟ್ಟು ಆಮ್ಲತೆಯನ್ನು ಹೆಚ್ಚಿಸಿದಾಗ ಹಿಗ್ಗಿತು. ನೈಯಾಯಿಕರ ಪರಿಭಾಷೆಯಲ್ಲಿ ವಾಯುವು ಕರಣ, ದ್ರವದ ಆಮ್ಲತೆಯು ವ್ಯಾಪಾರ, ಧಮನಿಯ ವಿಕಾಸವು ಫಲ. ಕೊಡಲಿಗೂ, ಅದು ಮರಕ್ಕೆ ತಗಲುವುದಕ್ಕೂ ಒಂದೇ ಹೆಸರಿಟ್ಟವನು ಛೇದನವನ್ನು ಹೇಗೆ ವಿವರಿಸಿಯಾನು? ಧಮನಿಯ ಸ್ನಾಯುವಿನೊಳಗೆ ನಡೆಯುವ ಮುಂದಿನ ಕ್ರಿಯೆಗಳು ಬೇರೆ ಪ್ರಕರಣ. (ಆಮ್ಲಗಳಿಗೆಲ್ಲ ಆಮ್ಲಜನಕವೇ ಮೂಲವೆಂದು ಲಾವಾಸಿಯೆ ತಪ್ಪಾಗಿ ಬಗೆದುದರಿಂದ ಬಂದ ಹೆಸರು ಇಂದಿಗೂ ನಮ್ಮಲ್ಲಿ ನಿಂತಿದೆ, ಅದನ್ನು ಇನ್ನು ಕದಲಿಸುವುದು ಅಸಾಧ್ಯ.)

ತಲೆಗೆ ಪೆಟ್ಟು ಬಿದ್ದು ಮಿದುಳು ಊದಿದ ರೋಗಿಗೆ ವೈದ್ಯರು ಕೆಲವೊಮ್ಮೆ ಯಂತ್ರದಿಂದ ಉಸಿರಾಟವನ್ನು ಹೆಚ್ಚಿಸಿ ವಾಯುವನ್ನು ತಗ್ಗಿಸುವರು. ಧಮನಿಗಳು ಕುಗ್ಗಿ ತಲೆಬುರುಡೆಯೊಳಗಣ ಒತ್ತಡ ಇಳಿಯುವುದು. ಆದರೆ ಕೆಲವು ಗಂಟೆಗಳಲ್ಲಿ ಆ ದ್ರವದ ಬೈಕಾರ್ಬೊನೇಟ್ ಇಳಿದು, ಆಮ್ಲತೆಯು ಪೂರ್ವಸ್ಥಿತಿಯತ್ತ ಮರಳುವುದು. ವಾಯು ಕಡಮೆಯಾಗಿಯೇ ಇದ್ದರೂ ಧಮನಿಗಳು ಮತ್ತೆ ಹಿಗ್ಗುವುವು. ಈ ಉಪಾಯವು ಮಿತಿಮೀರಿದರೆ ರಕ್ತ ಸಾಲದೆ ಮಿದುಳಿಗೇ ಅಪಾಯ. ವಾಯುವನ್ನೂ ಆಮ್ಲವನ್ನೂ ಒಂದೆಂದು ಕಲಿತ ವಿದ್ಯಾರ್ಥಿಗೆ ಇದೆಲ್ಲವೂ ಒಗಟಾಗುವುದು. ಪಾಠ್ಯಗ್ರಂಥಕಾರರು ‘ಇಂಗಾಲಾಮ್ಲ’ವೆಂಬ ಶಬ್ದವನ್ನು ನೀರಿನೊಡನೆ ಕೂಡಿದ ರೂಪಕ್ಕೆ ಮಾತ್ರವೇ ಮೀಸಲಿಡತಕ್ಕದ್ದು.