ಯಾದಗಿರಿಯ ಲಿಥಿಯಂ: ಸುದ್ದಿಯ ತೂಕವೆಷ್ಟು?

2024ರ ಜುಲೈನಲ್ಲಿ ಕೇಂದ್ರ ಸಚಿವ ಜಿತೇಂದ್ರ ಸಿಂಗ್ ರಾಜ್ಯಸಭೆಯಲ್ಲಿ ಒಂದು ಉತ್ತರ ನೀಡಿದರು. ಪರಮಾಣು ಖನಿಜಗಳ ನಿರ್ದೇಶನಾಲಯವು ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಸಂಪನ್ಮೂಲವನ್ನು ಗುರುತಿಸಿದೆ. ಯಾದಗಿರಿ ಜಿಲ್ಲೆಯ ಕೆಲವೆಡೆ ಪ್ರಾಥಮಿಕ ಸಮೀಕ್ಷೆ ನಡೆಸಿದೆ ಎಂಬುದು ಅದರ ಸಾರ. ಕೆಲವು ಸುದ್ದಿಗಳಲ್ಲಿ ಈ ಎರಡು ಮಾತು ಬೆಸೆದುಕೊಂಡು, ‘ಮಂಡ್ಯ, ಯಾದಗಿರಿಯಲ್ಲಿ 1,600 ಟನ್ ಪತ್ತೆ’ ಎಂದಾಯಿತು. ಯಾದಗಿರಿಯ ಪಾಲಿಗೆ ಆ ಅಂಕಿಯಲ್ಲಿ ಒಂದು ಟನ್ನೂ ಇಲ್ಲ. ಶಹಾಪುರ, ಸುರಪುರಗಳ ಶಾಲೆಗಳಲ್ಲಿ ಇಂಥ ತುಣುಕನ್ನು ಸೂಚನಾಫಲಕಕ್ಕೆ ಅಂಟಿಸುವ ಮುನ್ನ ತೂಗಿ ನೋಡುವುದು ಒಳ್ಳೆಯದು.

ಇದೇ ಮರಳಗಾಲದ ಬಗ್ಗೆ 2020ರಲ್ಲಿ 14,100 ಟನ್ ಎಂದು ವರದಿಯಾಗಿತ್ತು. ಮರುವರ್ಷ ಸಂಸತ್ತಿಗೆ ತಿಳಿಸಿದ್ದು 1,600. ಬಂಡೆ ಕರಗಲಿಲ್ಲ, ಅಂದಾಜು ಬದಲಾಯಿತು. ‘ಸಂಪನ್ಮೂಲ’ ಎಂಬುದು ಅನ್ವೇಷಣೆಯ ಒಂದು ಹಂತದ ಊಹೆ. ಲಾಭಕ್ಕೆ ತೆಗೆಯಬಲ್ಲ ನಿಕ್ಷೇಪವೇ ಬೇರೆ.

ಆ 1,600 ಟನ್ನನ್ನು ಪೂರ್ತಿ ಲೋಹವೆಂದೇ ಇಟ್ಟುಕೊಳ್ಳಿ. ವಿದ್ಯಾರ್ಥಿಗಳಿಂದ ಈ ಲೆಕ್ಕ ಮಾಡಿಸಬಹುದು. ಫ್ಯಾರಡೆ ನಿಯಮದಂತೆ 6.94 ಗ್ರಾಂ ಲಿಥಿಯಂ 26.8 ಆಂಪಿಯರ್-ಗಂಟೆ ವಿದ್ಯುದಂಶವನ್ನು ಸಾಗಿಸುತ್ತದೆ. ಕೋಶದ ವೋಲ್ಟತೆ 3.7 ಆದರೆ, ಒಂದು ಕಿಲೋವ್ಯಾಟ್-ಗಂಟೆಗೆ ಸುಮಾರು 70 ಗ್ರಾಂ ಬೇಕು. ವ್ಯವಹಾರದಲ್ಲಿ 100 ಗ್ರಾಂ ದಾಟುತ್ತದೆ. 40 ಕಿಲೋವ್ಯಾಟ್-ಗಂಟೆಯ ಕಾರಿಗೆ 5 ಕಿಲೋಗ್ರಾಂ ಎನ್ನೋಣ. ಮರಳಗಾಲವೆಲ್ಲ ಖಾಲಿಯಾದರೂ 3.2 ಲಕ್ಷ ಕಾರು. ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಕಾರುಗಳು 40 ಲಕ್ಷಕ್ಕೂ ಹೆಚ್ಚು. ಒಂದು ತಿಂಗಳಿಗೂ ಸಾಲದು!

ಲಿಥಿಯಂ ಅಪರೂಪದ ಧಾತುವೇನಲ್ಲ. ಭೂಚಿಪ್ಪಿನಲ್ಲಿ ಸೀಸಕ್ಕಿಂತ ಹೆಚ್ಚಿದೆ. ಇಕ್ಕಟ್ಟು ಇರುವುದು ಸಂಸ್ಕರಣೆಯಲ್ಲಿ. ಸ್ಪಾಡ್ಯುಮಿನ್ ಅದುರನ್ನು ಸುಮಾರು 1,050 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುರಿದು, ಸಲ್ಫ್ಯೂರಿಕ್ ಆಮ್ಲದೊಡನೆ ಮತ್ತೆ ಕಾಯಿಸಿ, ನೀರಿನಲ್ಲಿ ಕರಗಿಸಿ ತೆಗೆಯಬೇಕು. ಜಗತ್ತಿನ ಈ ಕೆಲಸದ ದೊಡ್ಡ ಪಾಲು ಚೀನಾದಲ್ಲಿ ನಡೆಯುತ್ತದೆ.

ಬೆಲೆಯ ಮಾತಂತೂ ಇನ್ನೂ ವಿಚಿತ್ರ. 2022ರ ನವೆಂಬರ್‌ನಲ್ಲಿ ಚೀನಾದಲ್ಲಿ ಟನ್ನಿಗೆ 6 ಲಕ್ಷ ಯುವಾನ್‌ನಷ್ಟಿದ್ದ ಲಿಥಿಯಂ ಕಾರ್ಬೊನೇಟ್, 2024ರ ಕೊನೆಯ ತಿಂಗಳುಗಳಲ್ಲಿ 80 ಸಾವಿರಕ್ಕಿಂತ ಕೆಳಗಿತ್ತು. ಗಣಿ ತೆರೆಯಲು ಹತ್ತು ವರ್ಷ ಹಿಡಿಯಬಹುದು. ಬೆಲೆ ಬೀಳಲು ಎರಡೇ ವರ್ಷ ಸಾಕಾಯಿತು. ಇಂಥದಕ್ಕೆ ಹಣ ಹೂಡುವವರು ಹಿಂಜರಿದರೆ ಆಶ್ಚರ್ಯವಿಲ್ಲ. ಜಮ್ಮುವಿನ ರಿಯಾಸಿಯಲ್ಲಿ 2023ರಲ್ಲಿ ಘೋಷಿಸಿದ 59 ಲಕ್ಷ ಟನ್ ಭಾರಿ ಸದ್ದು ಮಾಡಿತು. ಅದು ಅದುರಿನ ತೂಕ, ಲೋಹದ್ದಲ್ಲ ಎಂಬುದನ್ನು ಗಮನಿಸಿದವರು ಕಡಿಮೆ. ಸಾಕಷ್ಟು ಬಿಡ್‌ದಾರರಿಲ್ಲದೆ ಅದರ ಹರಾಜು 2024ರಲ್ಲಿ ರದ್ದಾಯಿತು.

ಯಾದಗಿರಿಗೆ ಇಂಥ ಕಾಯುವಿಕೆ ಹೊಸದಲ್ಲ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಇದೇ ನಿರ್ದೇಶನಾಲಯ ಯುರೇನಿಯಂ ಗುರುತಿಸಿ ದಶಕಗಳೇ ಕಳೆದಿವೆ. ಪರಿಶೋಧನೆಗೆ ನೆಲ ಅಗೆದದ್ದೂ ಆಯಿತು, ಊರಿನವರು ವಿರೋಧಿಸಿದ್ದೂ ಆಯಿತು. ಈಗ ಲಿಥಿಯಂ ಸಮೀಕ್ಷೆ ಮುಂದುವರಿದು ಅಂಕಿಯೊಂದು ಹೊರಬಿದ್ದರೆ, ಟನ್ನಿನ ಜೊತೆಗೆ ಅದುರಿನಲ್ಲಿ ಲಿಥಿಯಂ ಆಕ್ಸೈಡ್ ಶೇಕಡಾ ಎಷ್ಟು ಎಂದು ಕೇಳಿ. ಸಂಸ್ಕರಣೆ ಇಲ್ಲೇ ಎಂದರೆ ನೀರು ಎಲ್ಲಿಂದ ಎಂದೂ ಕೇಳಿ. ಸುರಪುರ, ಶಹಾಪುರಗಳ ಭತ್ತದ ಗದ್ದೆಗಳು ನಿಂತಿರುವುದು ನಾರಾಯಣಪುರ ಎಡದಂಡೆ ಕಾಲುವೆಯ ಮೇಲೆ.