ಹುಲಿಯೊಡಲಿನ ಆರ್ಗನ್: ಯಂತ್ರವಾದ್ಯಕ್ಕೆ ಸಂಗೀತದ ಅಳವಡಿಕೆ

ಯಂತ್ರಚಾಲಿತ ಆರ್ಗನ್‌ಗಳಿಗೆ ಸಂಗೀತವನ್ನು ಅಳವಡಿಸುವುದು ಯುರೋಪಿನಲ್ಲಿ ಹಲವರು ಜೀವಮಾನವಿಡೀ ನಡೆಸಿಕೊಂಡು ಬಂದ ಹವ್ಯಾಸ. ಉರುಳೆಗೆ ಮೊಳೆ ಜೋಡಿಸಿ ಅಥವಾ ರಟ್ಟಿನಲ್ಲಿ ರಂಧ್ರ ಕೊರೆದು ಸ್ವರಗಳನ್ನು ಮೊದಲೇ ನಿಗದಿಪಡಿಸಲಾಗುತ್ತದೆ. ವಾದ್ಯದಲ್ಲಿ ಇರುವ ಕೊಳವೆಗಳಷ್ಟರಲ್ಲೇ ಕೃತಿ ನಿಲ್ಲಬೇಕು. ಇಲ್ಲದ ಸ್ವರವನ್ನು ಬಿಡಬೇಕು, ಇಲ್ಲವೇ ಕೃತಿಯ ಶ್ರುತಿಯನ್ನೇ ಬದಲಿಸಬೇಕು. ಆದ್ದರಿಂದ ಅಳವಡಿಕೆ ಎಂಬುದು ನಕಲಲ್ಲ. ಮೂಲದಲ್ಲಿ ಅನಿವಾರ್ಯವಾದುದು ಯಾವುದು ಎಂಬುದರ ವಿಮರ್ಶೆ. ಈ ದೃಷ್ಟಿಯಿಂದ ಟಿಪ್ಪು ಸುಲ್ತಾನನ ಯಂತ್ರಹುಲಿಯನ್ನು ಮರುಪರಿಶೀಲಿಸಬೇಕಾಗಿದೆ. ಅದನ್ನು ರಾಜಕೀಯ ಸಂಕೇತವೆಂದು ಚರ್ಚಿಸಿದಷ್ಟು ವಾದ್ಯವೆಂದು ಚರ್ಚಿಸಿದ್ದಿಲ್ಲ.

ಸುಮಾರು 1793ರಲ್ಲಿ ರೂಪುಗೊಂಡ ಈ ಮರದ ಹುಲಿ 1799ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷರ ವಶವಾಯಿತು. 1808ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಸಂಗ್ರಹಾಲಯದಲ್ಲಿ ಪ್ರದರ್ಶಿತವಾಗಿ, ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹಿಡಿಕೆ ತಿರುಗಿಸಿದರೆ ಕೆಳಗೆ ಬಿದ್ದ ಯುರೋಪಿಯನ್ನನ ಎಡಗೈ ಏರಿಳಿಯುತ್ತದೆ. ಅದಕ್ಕೆ ತಕ್ಕಂತೆ ಅವನ ಕೂಗಿನ ಸ್ಥಾಯಿ ಬದಲಾಗುತ್ತದೆ. ಹುಲಿಯ ತಲೆಯೊಳಗಿನ ಕೊಳವೆಯೊಂದು ಎರಡು ಧ್ವನಿಗಳಲ್ಲಿ ಗರ್ಜಿಸುತ್ತದೆ. ಇವೆರಡೂ ಯಂತ್ರಕ್ಕೆ ಅಧೀನ. ಹುಲಿಯ ಪಕ್ಕೆಯ ಮುಚ್ಚಳದ ಹಿಂದಿರುವ 18 ದಂತದ ಮನೆಗಳ ಆರ್ಗನ್ ಮಾತ್ರ ನುಡಿಸುವವನ ಕೈಗೆ ಅಧೀನ.

ಆರ್ಗನ್ ತಯಾರಕ ಹೆನ್ರಿ ವಿಲಿಸ್ ಈ ಮನೆಗಳ ಮೇಲೆ ಬೆರಳ ಗೆಣ್ಣುಗಳನ್ನು ಓಡಿಸಿ ಚೀತ್ಕಾರವನ್ನು ಹೊರಡಿಸುತ್ತಿದ್ದಿರಬೇಕೆಂದು ಊಹಿಸಿದರು. ಈ ಊಹೆ ಪೂರ್ಣ ಸಮಾಧಾನ ನೀಡದು. ಕೂಗಿಗೆ ಪ್ರತ್ಯೇಕ ಕೊಳವೆಯೇ ಇರುವಾಗ, ಕೇವಲ ಚೀತ್ಕಾರಕ್ಕಾಗಿ ಎರಡು ಸಾಲು ಕೊಳವೆಗಳನ್ನೂ ಹದಿನೆಂಟು ಮನೆಗಳನ್ನೂ ಅಳವಡಿಸುವ ಅಗತ್ಯವಿರಲಿಲ್ಲ. ಆದರೆ ದುರಸ್ತಿಗಳಲ್ಲಿ ಮೂಲರಚನೆ ಬಹಳಷ್ಟು ಕೆಟ್ಟಿತೆಂದು ಯಂತ್ರವಾದ್ಯಗಳ ಇತಿಹಾಸಕಾರ ಆರ್ಥರ್ ಆರ್ಡ್-ಹ್ಯೂಮ್ ಆಕ್ಷೇಪಿಸಿರುವುದರಿಂದ, ಇಂದು ಕೇಳುವ ನಾದವನ್ನೇ ಟಿಪ್ಪುವಿನ ಕಾಲದ ನಾದವೆಂದು ಭಾವಿಸುವಂತಿಲ್ಲ.

ಇಲ್ಲೊಂದು ಸಮಕಾಲೀನ ಹೋಲಿಕೆ ಉಪಯುಕ್ತ. ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿದದ್ದು 1791ರ ಮಾರ್ಚ್ 21ರಂದು. ಅದೇ ತಿಂಗಳ 3ರಂದು ಮೊಜಾರ್ಟ್ ವಿಯೆನ್ನಾದಲ್ಲಿ ಯಾಂತ್ರಿಕ ಆರ್ಗನ್‌ಗಾಗಿ ಬರೆದ ಎಫ್ ಮೈನರ್ ಕೃತಿಯನ್ನು ತನ್ನ ಪಟ್ಟಿಯಲ್ಲಿ ದಾಖಲಿಸಿದ. ಪುಟ್ಟ ಕೊಳವೆಗಳ ಕೀರಲು ದನಿಯ ಬಗ್ಗೆ ಆತನಿಗೆ ಬೇಸರವಿತ್ತು. ಆದರೂ ಆ ಮಿತಿಯಿಂದಲೇ ಗಂಭೀರ ಕೃತಿ ಹುಟ್ಟಿತು. ಅಲ್ಲಿ ಯಂತ್ರ ಅಳಿದು ಸಂಗೀತ ಉಳಿಯಿತು. ಇಲ್ಲಿ ಯಂತ್ರ ಉಳಿಯಿತು. ಅದರ ಸಂಗೀತ ಸ್ವರಲಿಪಿಯಾಗಿ ಉಳಿದು ಬರಲಿಲ್ಲ.

ಹಾಗಾದರೆ ಈ ಆರ್ಗನ್‌ಗೆ ಇಂದು ಏನನ್ನು ಅಳವಡಿಸಬಹುದು? ಸ್ಥಿರ ಸ್ವರಗಳ ವಾದ್ಯದಲ್ಲಿ ಗಮಕ ಒಲಿಯದು. ಇಂಥದೇ ಕಾರಣವನ್ನು ಮುಂದಿಟ್ಟು ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟಿತ್ತು. ಗಮಕವೇ ಜೀವವಾಗಿರುವ ರಾಗಗಳನ್ನು ಹದಿನೆಂಟು ಮನೆಗಳಿಗೆ ಒಗ್ಗಿಸಿದರೆ ಉಳಿಯುವುದು ಅಸ್ಥಿಪಂಜರ ಮಾತ್ರ. ವಿಪರ್ಯಾಸವೆಂದರೆ, ಇಡೀ ಯಂತ್ರದಲ್ಲಿ ಗಮಕಕ್ಕೆ ತೀರ ಹತ್ತಿರವಿರುವುದು ಸಾಯುತ್ತಿರುವವನ ಏರಿಳಿಯುವ ಕೂಗು! ಹಿಡಿಕೆ ತಿರುಗುತ್ತಿರುವಷ್ಟು ಕಾಲ ಆ ಕೂಗೂ ಗರ್ಜನೆಯೂ ನಿಲ್ಲವು. ಅವನ್ನು ಗದ್ದಲವೆಂದು ಬದಿಗಿರಿಸದೆ ಕೃತಿಯ ಅಂಗವೆಂದು ಪರಿಗಣಿಸುವ ಅಳವಡಿಕೆಯೇ ಈ ವಾದ್ಯಕ್ಕೆ ನ್ಯಾಯ ಸಲ್ಲಿಸಬಲ್ಲದು.

ಶ್ರೀರಂಗಪಟ್ಟಣದ ಬ್ರಿಟಿಷ್ ಸೈನ್ಯ 1809ರಲ್ಲಿ ಹಲಸೂರಿನ ಬಳಿ ನೆಲೆಯೂರಿದಾಗ ಬೆಂಗಳೂರು ದಂಡುಪ್ರದೇಶ ರೂಪುಗೊಂಡಿತು. ದಂಡಿನ ಬ್ಯಾಂಡು, ಇಗರ್ಜಿಗಳ ಆರ್ಗನ್ನು ಆ ನೆಲೆಯ ಹಿಂದೆಯೇ ಬಂದವು. ಹುಲಿ ಲಂಡನ್ನಿಗೆ ಹೋದದ್ದೂ ಈ ನಾದಗಳು ಹಲಸೂರಿಗೆ ಬಂದದ್ದೂ ಒಂದೇ ಸೋಲಿನ ಎರಡು ಫಲಗಳು. ಕರ್ನಾಟಕದ ಸಂಗೀತ ಚರಿತ್ರೆ ಇವನ್ನು ಒಟ್ಟಿಗೆ ಓದಬೇಕು. ಯಂತ್ರಹುಲಿಯನ್ನು ಆಟಿಕೆಗಳ ಪಟ್ಟಿಯಿಂದ ತೆಗೆದು ವಾದ್ಯಗಳ ಪಟ್ಟಿಗೆ ಸೇರಿಸುವುದು ಅದರ ಮೊದಲ ಹೆಜ್ಜೆ.